ಹೊಸ್ತಿಲ ಗಿಟಾರು ಮತ್ತು ಅತ್ತೆಗೆ ಹೇಳಿದ ಸುಳ್ಳು

ಮರ ನಮ್ಮೊಡನೆ ಮಾತಾಡುತ್ತದೆ ಎಂದು ಗಿಟಾರು ಮಾಡುವವರು ಹೇಳುವುದನ್ನು ನೀವು ವಿಡಿಯೋಗಳಲ್ಲಿ ಕೇಳಿರಬಹುದು. ಇಪ್ಪತ್ತಾರು ವರ್ಷ ನಾನು ಈ ಕೆಲಸ ಮಾಡಿದೆ. ಒಂದು ಮರವೂ ನನ್ನೊಡನೆ ಮಾತಾಡಲಿಲ್ಲ. ಮಾತಾಡಿದವರು ನಮ್ಮ ಅತ್ತೆ. ಮರದ ಪಾಲಿನ ಮಾತನ್ನೂ ಸೇರಿಸಿ ಅವರೇ ಆಡಿದರು.

ಎರಡು ವರ್ಷದ ಹಿಂದೆ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು ಉಳಿ ಹಿಡಿಯಲು ಬಾರದಂತಾಯಿತು. ಕೆಲಸ ನಿಲ್ಲಿಸಿದೆ. ಈಗ ಹೊಸದಾಗಿ ಇದಕ್ಕೆ ಇಳಿದವರು ಫೋನ್ ಮಾಡುತ್ತಾರೆ. ಯಾವ ಕಟ್ಟಿಗೆ, ಯಾವ ಅಂಟು, ಎಷ್ಟು ದಪ್ಪ ಎಂದು ಕೇಳುತ್ತಾರೆ. ಒಲೆಯ ಮೇಲೆ ಹಾಲಿಟ್ಟುಕೊಂಡು ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಶಾಲು ಹೊದಿಸಿದ್ದು, ಪೇಪರಿನಲ್ಲಿ ಫೋಟೋ ಬಂದದ್ದು ಇಲ್ಲಿ ಇರುವುದಿಲ್ಲ. ಆ ಫೋಟೋದಲ್ಲಿ ಗಿಟಾರನ್ನು ಉಲ್ಟಾ ಹಿಡಿಸಿದ್ದರು. ಇಲ್ಲಿರುವುದು ನಾನು ಕೆಡಿಸಿದ ಕೆಲಸಗಳು, ಮತ್ತು ಒಂದು ಗಿಟಾರಿನ ವಿಷಯದಲ್ಲಿ ಅತ್ತೆಗೆ ಹೇಳಿದ ಸುಳ್ಳು. ಆ ಗಿಟಾರಿನ ಕಟ್ಟಿಗೆ ಅತ್ತೆಯ ತವರಿನದು. ಉಳಿದಿದ್ದದ್ದು ಅದೊಂದೇ ತುಂಡು. ಕೆಟ್ಟರೆ ಇನ್ನೊಂದು ಸಿಗುತ್ತಿರಲಿಲ್ಲ.

ನಾನು ಓದಿದ್ದು ಕಲಬುರಗಿಯ ಒಂದು ಕಾನ್ವೆಂಟಿನಲ್ಲಿ. ಪ್ರಾರ್ಥನೆಯ ಹಾಡಿಗೆ ಜೊತೆಯಾಗಲೆಂದು ಸಿಸ್ಟರ್ ಆಗ್ನೆಸ್ ನಮ್ಮಲ್ಲಿ ನಾಲ್ವರಿಗೆ ಗಿಟಾರು ಕಲಿಸುತ್ತಿದ್ದರು. ಮಂಡಿ ಕೂಡಿರಬೇಕು, ಬೆನ್ನು ನೆಟ್ಟಗಿರಬೇಕು, ಮುಖದ ಮೇಲೆ ಸಂತೋಷ ಕಾಣಬೇಕು. ಶ್ರುತಿ ಸರಿಯಿರಬೇಕೆಂದು ಮಾತ್ರ ಅಷ್ಟಾಗಿ ಒತ್ತಾಯ ಮಾಡುತ್ತಿರಲಿಲ್ಲ. ದೇವರು ಕರುಣಾಮಯಿ, ಹೇಗೂ ಕೇಳಿಸಿಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಮದುವೆಯಾಗಿ ಆಳಂದಕ್ಕೆ ಹೊರಟಾಗ ಅವರು ಒಂದು ಹಳೆಯ ಗಿಟಾರನ್ನು ನನಗೆ ಕೊಟ್ಟರು. ಹನ್ನೊಂದು ಹಿತ್ತಾಳೆ ಪಾತ್ರೆಗಳ ನಡುವೆ ಆ ಕರಿ ಪೆಟ್ಟಿಗೆ ಇಳಿದದ್ದನ್ನು ಅತ್ತೆ ನೋಡಿದರು.

"ಇದರಾಗ ಏನ್ ತಂದೀ ಬೇ?"

"ಗಿಟಾರ್ರಿ, ಅತ್ತ್ಯಾರ."

"ತಿನ್ನೂದಲ್ಲಲ್ಲಾ? ಹಂಗಾರ ಉಪ್ಪಿನಕಾಯಿ ಭರಣಿ ಬಾಜೂಕ ಇಡು."

ಗಿಟಾರು ಉಗ್ರಾಣದಲ್ಲಿ ಕೂತಿತು. ಮೊದಲ ಬೇಸಗೆಗೆ, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಅದರ ಮುಂಭಾಗದ ಹಲಗೆ ಠಪ್ಪೆಂದು ಸೀಳಿತು. ಅತ್ತೆ ಬೆಕ್ಕನ್ನು ಬೈದರು. ಬೆಕ್ಕು ಅವರ ಕಾಲ ಬಳಿಯೇ ಮಲಗಿತ್ತು.

ನಮ್ಮ ಮನೆಯವರದು ಕಟ್ಟಿಗೆ ಕೊಯ್ದು ಮಾರುವ ಅಡ್ಡೆ. ಮನೆಯ ಹಿತ್ತಲು ದಾಟಿದರೆ ಅಡ್ಡೆಯೇ. ಅಲ್ಲಿ ಖಾಜಾ ಮಿಸ್ತ್ರಿ ಎಂಬ ಹಿರಿಯ ಬಡಗಿ ಇದ್ದರು. ಹರೆಯದಲ್ಲಿ ಮಿರಜಿನಲ್ಲಿ ಸಿತಾರು ಮಾಡುವವರ ಕೈಕೆಳಗೆ ಆರು ವರ್ಷ ದುಡಿದು, ಆಮೇಲೆ ಊರಿಗೆ ಬಂದು ಬಾಗಿಲು ಕಿಟಕಿ ಮಂಚ ಮಾಡಿಕೊಂಡಿದ್ದರು. ಸೀಳಿದ ಗಿಟಾರನ್ನು ಅವರ ಮುಂದೆ ಇಟ್ಟೆ. ಬೆರಳು ಮಡಚಿ ಅದರ ಬೆನ್ನಿಗೆ ಎರಡು ಸಲ ತಟ್ಟಿ, ಕಿವಿಯಿಟ್ಟು, "ಒಳಗ ಜೀವ ಅದ" ಎಂದರು. ರಿಪೇರಿ ನೋಡಬೇಕೆಂಬ ಆಸೆ. ಸೊಸೆ ಅಡ್ಡೆಯಲ್ಲಿ ನಿಂತರೆ ಚೆನ್ನಾಗಿರುವುದಿಲ್ಲ. ಚಹಾ ಕೊಡುವ ನೆಪ ಮಾಡಿಕೊಂಡು ಹೋಗತೊಡಗಿದೆ. ನನ್ನನ್ನು ಅವರು ಮರ್ಯಾದೆಯಿಂದ ಬಾಯಿ ಎಂದು ಕರೆಯುತ್ತಿದ್ದರು. ಒಂದು ದಿನ ಐದನೇ ಸಲ ಹೋದಾಗ ಮಿಸ್ತ್ರಿ ಬಟ್ಟಲು ಬದಿಗೆ ಸರಿಸಿದರು.

"ಬಾಯಿ, ಇನ್ನೊಂದು ಚಹಾ ಕುಡದ್ರ ನಾ ಸಾಯ್ತೀನಿ. ಈ ಪಾಲಿಶ್ ಕಾಗದ ಹಿಡೀರಿ. ಗೆರಿ ಗುಂಟ ತಿಕ್ರಿ, ಅಡ್ಡ ತಿಕ್ಕಬ್ಯಾಡ್ರಿ."

ನನ್ನ ತರಬೇತಿ ಎಂದರೆ ಅಷ್ಟೇ. ಗೆರೆಯ ಗುಂಟ ಹೋಗುವುದು, ಅಡ್ಡ ಹೋಗದಿರುವುದು.

ನಾನು ಪೂರ್ತಿಯಾಗಿ ಮಾಡಿದ ಮೊದಲ ಗಿಟಾರು ಹುಣಸೆ ಕಟ್ಟಿಗೆಯದು. ಆ ಹಲಗೆಯ ನಡುವೆ ಕರಿ ಗೆರೆಗಳು ನಕಾಶೆಯಲ್ಲಿನ ನದಿಗಳ ಹಾಗೆ ಹರಿದಿದ್ದವು. ಚೆಂದಕ್ಕೆ ಮರುಳಾದೆ. "ಬಾಯಿ, ಹುಣಸಿ ಭಾರ" ಎಂದು ಮಿಸ್ತ್ರಿ ಒಮ್ಮೆ ಹೇಳಿದರು. ಅವರು ಏನನ್ನೂ ಎರಡನೇ ಸಲ ಹೇಳುತ್ತಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ತಂತಿ ಬಿಗಿದು ನುಡಿಸಿದರೆ ಗಾದಿ ಬಡಿದ ಸದ್ದು. ತೂಕ, ನನ್ನ ಎರಡನೇ ಮಗಳು ಹುಟ್ಟಿದಾಗ ಇದ್ದದ್ದರ ಎರಡರಷ್ಟು. ಮಿಸ್ತ್ರಿ ಅದನ್ನು ಎರಡೂ ಕೈಯಲ್ಲಿ ಎತ್ತಿ, ಕೆಳಗಿಟ್ಟು, ಬೆನ್ನು ಸವರಿಕೊಂಡರು.

"ಭಾಳ ಮಜಬೂತ್ ಆಗ್ಯಾದ. ಇದರ ಮ್ಯಾಲೆ ಖಾರ ಕುಟ್ಟಬಹುದು."

ಅತ್ತೆ ಅದನ್ನು ಉಗ್ರಾಣದಲ್ಲಿ ಅಡ್ಡ ಮಲಗಿಸಿ ಮೇಲೆ ಎರಡು ಭರಣಿ ಇಟ್ಟರು. ಇವತ್ತಿಗೂ ಅಲ್ಲಿದೆ. ನಾನು ಮಾಡಿದ್ದರಲ್ಲಿ ಪ್ರತಿದಿನ ಉಪಯೋಗಕ್ಕೆ ಬರುವ ಗಿಟಾರು ಅದೊಂದೇ.

ಆಮೇಲೆ ಕಲಿತದ್ದನ್ನು ನಿಮಗೆ ಬೇಗ ಹೇಳಿಬಿಡುತ್ತೇನೆ. ಬೇವು ಹಗುರ, ಒಳ್ಳೆಯ ಧ್ವನಿ, ಆದರೆ ಅದರ ಪುಡಿ ಮೂಗಿಗೆ ಹೋದರೆ ಮೂರು ದಿನ ಚಹಾ ಕೂಡ ಕಹಿ. ಜಾಲಿಯನ್ನು ಬೆರಳಾಡುವ ಪಟ್ಟಿಗೆ ಇಡಿ. ಕೂರಿಗೆ ಕುಂಟೆಯಾಗಿ ಎರೆಮಣ್ಣಿನಲ್ಲಿ ತಡೆದದ್ದು ನಿಮ್ಮ ಬೆರಳಿಗೆ ಸವೆಯುವುದಿಲ್ಲ. ಬೋರೆ ಗಿಡದ ಕಟ್ಟಿಗೆ ಕೆಂಪಗೆ ಚೆಂದ, ಗಿಟಾರಿನ ಮುಂದಿನ ದುಂಡು ತೂತಿನ ಸುತ್ತ ಹೂ ಕೂಡಿಸಲು ಸಾಕು. ಮುಂಭಾಗದ ಹಲಗೆಗೆ ಮಾತ್ರ ನಮ್ಮ ಕಡೆಯ ಯಾವ ಮರವೂ ಆಗದು, ಹಗುರವೂ ನೇರವೂ ಆದ ಕಟ್ಟಿಗೆ ಬೇಕು. ಭೂಸನೂರ ಕಡೆ ಸಕ್ಕರೆ ಕಾರ್ಖಾನೆಗೆ ಯಂತ್ರ ತುಂಬಿ ಬಂದ ಪೆಟ್ಟಿಗೆಗಳ ಪೈನ್ ಹಲಗೆ ಗುಜರಿಗೆ ಬರುತ್ತಿತ್ತು. ಅದರಲ್ಲಿ ಗೆರೆ ಒತ್ತಾಗಿದ್ದ ಹಲಗೆಗಳನ್ನು ಆರಿಸುತ್ತಿದ್ದೆ. ನನ್ನ ಆರನೇ ಗಿಟಾರಿನೊಳಗೆ ಕನ್ನಡಿ ಹಿಡಿದು ನೋಡಿದರೆ, ಈ ಬದಿ ಮೇಲಿರಲಿ ಎಂಬ ಬಾಣದ ಗುರುತು ಈಗಲೂ ಕಾಣುತ್ತದೆ. ಕೊಂಡವರು ಅದನ್ನು ನನ್ನ ಸಹಿ ಎಂದುಕೊಂಡಿದ್ದಾರೆ.

ಪಕ್ಕದ ಹಲಗೆ ಬಾಗಿಸುವುದನ್ನು ಯಾರೂ ನನಗೆ ಕಲಿಸಬೇಕಾಗಲಿಲ್ಲ. ಈಗ ವಿದ್ಯುತ್ ಪಟ್ಟಿ ಸುತ್ತಿ, ಅಂಕಿ ನೋಡಿ ಬಾಗಿಸುತ್ತಾರಂತೆ. ನಾನು ಕಬ್ಬಿಣದ ಕೊಳವೆಯ ಒಳಗೆ ಕೆಂಡ ತುಂಬಿ, ಹೊರಮೈಗೆ ನೀರು ಚಿಮುಕಿಸಿ ನೋಡುತ್ತಿದ್ದೆ. ಹನಿ ಕೂತಲ್ಲೇ ಗುಳ್ಳೆಯಾದರೆ ಕಾದಿಲ್ಲ, ಉರುಳಾಡಿ ಓಡಿದರೆ ಸರಿ. ಜೋಳದ ರೊಟ್ಟಿ ಬಡಿಯುವವಳಿಗೆ ಹಂಚಿನ ಕಾವು ಹೇಳಿಕೊಡಬೇಕೇ? ಹಲಗೆಗೆ ಒದ್ದೆ ಬಟ್ಟೆಯಲ್ಲಿ ನೀರು ಸವರುವುದು, ಒತ್ತುವುದು, ಅದು ಬಳುಕಲು ಒಪ್ಪುವವರೆಗೆ ಕಾಯುವುದು. ಅವಸರ ಮಾಡಿದರೆ ರೊಟ್ಟಿಯೂ ಹರಿಯುತ್ತದೆ, ಹಲಗೆಯೂ ಮುರಿಯುತ್ತದೆ. ಇನ್ನು ಒಳಅಂಚಿನ ಸಣ್ಣ ಪಟ್ಟಿಗಳನ್ನು ಅಂಟಿಸುವಾಗ ಒತ್ತಿ ಹಿಡಿಯಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಒಂದು ಗಿಟಾರಿಗೆ ಅರವತ್ತು ಬೇಕು. ನಮ್ಮ ಮನೆಯವರ ಧೋತರ ಎರಡು ಸಲ ಪಕ್ಕದ ಮನೆಯ ಮಾಳಿಗೆಗೆ ಹಾರಿಹೋಯಿತು. ಮೂರನೇ ಸಲ ಹಾರಿದಾಗ ಅವರೇ ಪೇಟೆಗೆ ಹೋಗಿ ನೂರು ಕ್ಲಿಪ್ಪು ತಂದು ನನ್ನ ಮುಂದೆ ಸುರಿದು ಹೋದರು. ಅವರು ನನ್ನ ಕಲೆಗೆ ಕೊಟ್ಟ ಪ್ರೋತ್ಸಾಹ ಅದು.

ಅಂಟಿನ ವಿಷಯಕ್ಕೆ ಬರುತ್ತೇನೆ. ಎಲ್ಲ ಗಲಾಟೆಯೂ ಅಲ್ಲಿಂದ.

ಮಿರಜಿನಲ್ಲಿ ಮಿಸ್ತ್ರಿ ಕಲಿತದ್ದು ಸರೇಸು. ಹರಳಿನಂತೆ ಇರುತ್ತದೆ, ನೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಅದು ಏನೆಂದು ನಾನು ಕೇಳಿರಲಿಲ್ಲ. ಕಾನ್ವೆಂಟಿನಲ್ಲಿ ಬೆಳೆದವಳು, ಕೊಟ್ಟದ್ದನ್ನು ಪ್ರಶ್ನಿಸುವ ರೂಢಿಯಿಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ, ಹಾಲು ಕಾಸುವ ಬೋಗುಣಿಯಲ್ಲಿ, ಅದನ್ನು ಕರಗಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅತ್ತೆಯ ಲಿಂಗಪೂಜೆ ನಡೆದಿತ್ತು. ಪೂಜೆ ಮುಗಿಸಿ ಬಂದು ಮೂಗು ಅರಳಿಸಿದರು. ಆ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಮಿಸ್ತ್ರಿ ಬಂದು ನಿಂತಿದ್ದರು.

"ಏನ್ ಕಾಸಾಕತ್ತಾಳ ಮಿಸ್ತ್ರಿ, ನಿಮ್ಮ ಶಿಷ್ಯಾ? ಅಂಬಲಿ ಏನು?"

ಖಾಜಾ ಮಿಸ್ತ್ರಿಯ ಒಂದು ದೋಷವೆಂದರೆ, ಕೇಳದಿದ್ದರೆ ಏನನ್ನೂ ಹೇಳುವವರಲ್ಲ, ಕೇಳಿದರೆ ಸುಳ್ಳು ಹೇಳುವವರಲ್ಲ.

"ಇಲ್ರಿ ಅಮ್ಮಾ. ಸರೇಸು. ಎಮ್ಮಿ ತೊಗಲು, ಎಲುಬು ಕುದಿಸಿ ಮಾಡ್ತಾರ."

ಅತ್ತೆ ಕೂಗಾಡಲಿಲ್ಲ. ಕೊರಳಲ್ಲಿದ್ದ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡರು, ಅದಕ್ಕೆ ವಾಸನೆ ಬಡಿಯಬಾರದೆಂಬಂತೆ. ಬೋಗುಣಿಯನ್ನು ನೋಡಿದರು, ನನ್ನನ್ನು ನೋಡಿದರು. ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿದ್ದರಿಂದ ಬೋಗುಣಿ ಅಡ್ಡೆಗೆ ಹೋಯಿತು. ಅಂದಿನಿಂದ ಕಾನೂನು ಬಂತು. ಸರೇಸು ಅಡ್ಡೆಯ ಮೂಲೆಯ ತಗಡಿನ ಶೆಡ್ಡಿನಲ್ಲಿ ಮಾತ್ರ. ಮುಟ್ಟಿದರೆ ತಲೆಗೆ ಜಳಕ ಮಾಡಿಯೇ ಅಡುಗೆಮನೆಗೆ ಕಾಲಿಡಬೇಕು. ನಾನು ಎಷ್ಟು ಸಲ ಜಳಕ ಮಾಡಿದೆ ಎಂಬುದರ ಮೇಲೆ ಅವತ್ತು ಎಷ್ಟು ಕೆಲಸವಾಯಿತೆಂದು ಮನೆಯವರೆಲ್ಲ ಅಂದಾಜು ಮಾಡುತ್ತಿದ್ದರು. ನೆಗಡಿಯಾದರೆ ಅತ್ತೆ, "ಗಿಟಾರ್ ಮುಗೀಲಾಕ ಬಂದದ ಅನಸ್ತದ" ಎನ್ನುತ್ತಿದ್ದರು.

ಡಬ್ಬಿಯ ಬಿಳಿ ಅಂಟು ಸುಲಭವಾಗಿ ಸಿಗತೊಡಗಿದಾಗ ನನ್ನಷ್ಟು ಸಂತೋಷಪಟ್ಟವರಿಲ್ಲ. ಕಾಸುವುದಿಲ್ಲ, ವಾಸನೆಯಿಲ್ಲ, ಜಳಕವಿಲ್ಲ. ಎರಡು ವರ್ಷ ಎಲ್ಲದಕ್ಕೂ ಅದನ್ನೇ ಬಳಸಿದೆ. ಮನೆಯಲ್ಲಿ ಶಾಂತಿ ನೆಲೆಸಿತು. ಆಗ ಜೇವರ್ಗಿಯ ಒಬ್ಬ ಮೇಷ್ಟ್ರು ನನ್ನ ಗಿಟಾರನ್ನು ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಬಿಟ್ಟು ಒಂದು ನಿಶ್ಚಯ ಕಾರ್ಯಕ್ಕೆ ಊಟಕ್ಕೆ ಹೋದರು. ಎರಡು ಸಲ ಹೋಳಿಗೆ ಹಾಕಿಸಿಕೊಂಡರಂತೆ. ಬಂದು ನೋಡಿದರೆ, ತಂತಿ ಕಟ್ಟುವ ಬ್ರಿಜ್ಜು ತನ್ನ ಜಾಗ ಬಿಟ್ಟು ಬೆರಳಗಲ ಮುಂದಕ್ಕೆ ಸರಿದಿತ್ತು.

ಫೋನಿನಲ್ಲಿ ಅವರ ದನಿ ಬಹಳ ಮರ್ಯಾದೆಯದು. "ಮೇಡಂ, ನಿಮ್ಮ ಬ್ರಿಜ್ಜು ನಡಕೋತ ಹೊಂಟದ್ರಿ. ಹಿಂಗ ಹೋದ್ರ ಸಂಜೀತನಕ ಸಿಂದಗಿ ಮುಟ್ಟತದ."

ನಮ್ಮ ಬಿಸಿಲಿಗೆ ಬಿಳಿ ಅಂಟು ಮೆತ್ತಗಾಗಿ ಜಾರುತ್ತದೆ. ಒಣ ಕಾವಿಗೆ ಸರೇಸು ಜಗ್ಗುವುದಿಲ್ಲ, ಗಾಜಿನಂತೆ ಗಟ್ಟಿಯಾಗಿ ಕೂರುತ್ತದೆ. ಮತ್ತೆ ತಗಡಿನ ಶೆಡ್ಡು, ಮತ್ತೆ ಜಳಕ. ಈ ಭಾಗದಲ್ಲಿ ಕೆಲಸ ಮಾಡುವವರು ಇದೊಂದನ್ನು ಬರೆದಿಟ್ಟುಕೊಳ್ಳಿ.

ಗಿರಾಕಿಗಳ ಬಗ್ಗೆಯೂ ಒಂದು ಮಾತು. ಅಫಜಲಪುರದ ಕಡೆ ಹವಳಗಾದ ಹತ್ತಿರ ಹೊಲವಿದ್ದ ಒಬ್ಬ ಗೌಡರು ಬಂದು, "ಬಾಯಾರ, ನಮ್ಮ ಹೊಲದಾಗ ಎಷ್ಟು ಜಾತಿ ಗಿಡ ಅದಾವ, ಅಷ್ಟೂ ಇರಬೇಕು" ಎಂದರು. ಹನ್ನೊಂದು ಜಾತಿ. ಬೇವು, ಜಾಲಿ, ಬೋರೆ, ಶಿರಸಲ, ಕೊನೆಗೆ ನುಗ್ಗೆಯದೂ ಒಂದು ಚಿಕ್ಕ ಚೂರು. ನುಗ್ಗೆ ಕಟ್ಟಿಗೆಯೇ ಅಲ್ಲ, ತರಕಾರಿ ಎಂದು ಮಿಸ್ತ್ರಿ ಗೊಣಗಿದರು. ಬೆನ್ನಿನ ಮೇಲೆ ಪಗಡೆ ಹಾಸಿನಂತೆ ಜೋಡಿಸಲು ಏಳು ತಿಂಗಳು ಹಿಡಿಯಿತು. ನನ್ನ ಜೀವಮಾನದ ಅತ್ಯಂತ ನಾಜೂಕಿನ ಕೆಲಸ. ಒಂದು ವರ್ಷವಾದ ಮೇಲೆ ಅವರ ಮನೆಗೆ ಹೋದಾಗ ಅದು ಪಡಸಾಲೆಯಲ್ಲಿ ತೂಗುತ್ತಿತ್ತು. ತಂತಿ ಬಿಚ್ಚಿ ಒಳಗೊಂದು ಹಸಿರು ಬಲ್ಬು ಹಾಕಿಸಿದ್ದರು. ಗೌಡರು ಹೆಮ್ಮೆಯಿಂದ ಗುಂಡಿ ಒತ್ತಿ ತೋರಿಸಿದರು. ಆಮೇಲೆ ಗಿರಾಕಿಗಳಿಗೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ: "ನೀವು ನುಡಿಸ್ತೀರೋ, ತೂಗಹಾಕ್ತೀರೋ?" ತೂಗುಹಾಕುತ್ತೇವೆ ಎಂದವರಿಗೆ ಒಂದೇ ಜಾತಿ ಕಟ್ಟಿಗೆ.

ಈಗ ಹೊಸ್ತಿಲಿನ ಗಿಟಾರು.

ಅತ್ತೆಯ ತವರು ಅತನೂರ. ಅವರ ಅಣ್ಣತಮ್ಮಂದಿರು ಮೂವರು ಬೇರೆಯಾಗಿ, ಹಳೆಯ ಮನೆ ಕೆಡವಿ, ನಡುವೆ ಗೋಡೆ ಎಬ್ಬಿಸಿ ಮೂರು ಮನೆ ಕಟ್ಟಿಸುವುದೆಂದಾಯಿತು. ಕೆಡವುವ ದಿನ ಅತ್ತೆ ಹೋಗಿದ್ದರು. ಸೀರೆ ಕುಬಸ ಕೊಟ್ಟು ಉಡಿ ತುಂಬುವಾಗ, ನನಗೆ ಸೀರೆ ಬೇಡ, ಹೊಸ್ತಿಲು ಬೇಕು ಎಂದರಂತೆ. ತಮ್ಮಂದಿರು ನಕ್ಕರು. ನಕ್ಕಿದ್ದಕ್ಕೆ ಇವರು ಇನ್ನಷ್ಟು ಗಟ್ಟಿಯಾಗಿ ಕೂತರು. ಸಂಜೆ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೊಸ್ತಿಲಿನೊಂದಿಗೆ ಬಂದಿಳಿದರು. ದಾರಿಯುದ್ದಕ್ಕೂ ಅದರ ಮೇಲೆ ಕೂರದೆ, ಪಕ್ಕದಲ್ಲಿ ಕಾಲು ಮಡಚಿಕೊಂಡು ಕೂತು ಬಂದಿದ್ದರು. ಹೊಸ್ತಿಲ ಮೇಲೆ ಕೂರಬಾರದು, ತುಳಿಯಬಾರದು. ದಿನಾ ಬೆಳಿಗ್ಗೆ ತೊಳೆದು ಅರಿಶಿನ ಬಳಿದು ಕುಂಕುಮ ಇಡಬೇಕು. ಅತ್ತೆ ಅದನ್ನೆಲ್ಲ ಕಲಿತದ್ದೇ ಆ ಹೊಸ್ತಿಲ ಮುಂದೆ.

ಸಾಗವಾನಿ ಕಟ್ಟಿಗೆ. ನಾಲ್ಕು ಅಡಿ ಉದ್ದ, ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲ. ಎಷ್ಟೋ ತಲೆಮಾರಿನ ಅರಿಶಿನ, ಎಣ್ಣೆ ಕುಡಿದು ಹಳದಿ ಕಪ್ಪಾಗಿತ್ತು. ಒಂದು ಸಣ್ಣ ಸಂಗತಿ ನನ್ನ ಕಣ್ಣಿಗೆ ಬಿತ್ತು. ಯಾರೂ ತುಳಿಯದ ಆ ಹೊಸ್ತಿಲು ನಡುವೆ ಬಟ್ಟಲಿನಂತೆ ಸವೆದಿತ್ತು.

"ಅತ್ತ್ಯಾರ, ಯಾರೂ ತುಳಿದಿಲ್ಲ ಅಂದ್ರ ಇದು ಹ್ಯಾಂಗ ಸವದದರಿ?"

ಅತ್ತೆ ಸವೆದ ಕಡೆ ಅಂಗೈಯಾಡಿಸಿದರು. "ಎಮ್ಮಿ ಇದ್ವಲ್ಲಾ" ಎಂದರು.

ಅದನ್ನು ಏನು ಮಾಡುವುದು? ನಮ್ಮ ಮನೆಗೆ ಹೊಸ್ತಿಲಿದೆ. ಮಣೆ ಮಾಡಿದರೆ ಯಾರಾದರೂ ಕೂರುತ್ತಾರೆ. ಸಾಮಾನಿಡುವ ಮಾಡು ಮಾಡಿದರೆ ಅದರ ಮೇಲೆ ಹಳೆಯ ಪೇಪರು, ಚಪ್ಪಲಿ ಪೆಟ್ಟಿಗೆ ಬರುತ್ತವೆ. ಅತ್ತೆ ಮೂರು ದಿನ ಹಿತ್ತಲಲ್ಲಿ ಅದರ ಸುತ್ತ ತಿರುಗಿ, ನಾಲ್ಕನೆಯ ದಿನ ನನ್ನ ಮುಂದೆ ನಿಂತರು.

"ಸುನಂದಾ, ನಿನ್ನ ಆ ಗಿಟಾರ್ ಡಬ್ಬಿ ಮ್ಯಾಲೆ ಯಾರೂ ಕುಂದ್ರೂದಿಲ್ಲಲ್ಲ?"

"ಕುಂತ್ರ ಮುರೀತದರಿ."

"ಹಂಗಾರ ಇದರಲೆ ಒಂದು ಮಾಡು. ಗ್ವಾಡಿಗಿ ತೂಗಹಾಕೋಣ. ಆದ್ರ ಒಂದು ಮಾತು. ನಿನ್ನ ಆ ತೊಗಲಿನ ಸರೇಸು ಇದಕ್ಕ ಹತ್ತಬಾರದು. ನಮ್ಮವ್ವ ದಿನಾ ಕೈ ಮುಗದ ಹೊಸ್ತಿಲ ಅದು."

"ಹಚ್ಚೂದಿಲ್ರಿ."

"ನನ್ನ ಮುಂದ ಆಣಿ ಮಾಡು."

ಮಾಡಿದೆ. ತಂತಿ ಕೂರುವ ಕಡೆ ಎಲುಬು ಹಾಕುವ ವಾಡಿಕೆ ಇದೆ, ಅದರ ಬದಲು ಜಾಲಿ ಹಾಕುತ್ತೇನೆಂದು ನಾನಾಗಿಯೇ ಹೇಳಿದೆ, ನಂಬಿಕೆ ಬರಲೆಂದು. ಪಾಲಿಶ್ ಯಾವುದರಿಂದ ಆಗುತ್ತದೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಿಸ್ತ್ರಿ ಹೊಸ್ತಿಲನ್ನು ಕರಗಸಕ್ಕೆ ಕೊಡುವ ಮೊದಲು ಚಪ್ಪಲಿ ಬಿಟ್ಟರು. ಹಲಗೆ ಹಲಗೆಯಾಗಿ ಸೀಳಿದಾಗ ಒಳಗಿನ ಕಟ್ಟಿಗೆ ಜೇನಿನ ಬಣ್ಣಕ್ಕಿತ್ತು. ಒಂದು ಅಂಚಿನಲ್ಲಿ ಮಾತ್ರ ಅರಿಶಿನ ಇಳಿದು ಹಳದಿ ಪಟ್ಟೆ. ಅಡ್ಡೆಯೆಲ್ಲ ಮದುವೆಮನೆಯ ವಾಸನೆ. ಎರಡು ಹಲಗೆಗಳನ್ನು ಪುಸ್ತಕದಂತೆ ಬಿಡಿಸಿಟ್ಟಾಗ ಬೆನ್ನಿನ ನಡುವೆ ಹಳದಿ ಪಟ್ಟೆ ಎರಡೂ ಕಡೆ ಒಂದೇ ರೀತಿ ಬಂತು. ಹನ್ನೊಂದು ಜಾತಿ ಜೋಡಿಸಿಯೂ ಬಾರದ ಚೆಂದ ಅದಕ್ಕಿತ್ತು.

ಕೊಟ್ಟ ಮಾತಿನಂತೆ ಬಿಳಿ ಅಂಟು ಹಚ್ಚಿ ಒಂದು ಚೂರಿನ ಮೇಲೆ ಪರೀಕ್ಷೆ ಮಾಡಿದೆ. ಬಿಸಿಲಿಗಿಟ್ಟು ಒಂದು ಕಲ್ಲು ತೂಗುಹಾಕಿದೆ. ಸಂಜೆಯ ಹೊತ್ತಿಗೆ ಜಾರಿತು. ಕಟ್ಟಿಗೆಯ ಎಣ್ಣೆ ಹೋಗಲೆಂದು ಸ್ಪಿರಿಟಿನಲ್ಲಿ ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಜಾರಿತು. ಗೋಡೆಗೆ ತೂಗುವ ಗಿಟಾರೇ ಆದರೂ ನಮ್ಮ ಗೋಡೆ ಪಶ್ಚಿಮದ ಬಿಸಿಲಿಗೆ ಕಾಯುತ್ತದೆ, ಮತ್ತು ತಂತಿಯ ಎಳೆತ ಹಗಲಿರುಳೂ ಇರುತ್ತದೆ. ಆಣೆ ಉಳಿಸಿದರೆ ಹೊಸ್ತಿಲು ಉಳಿಯುವುದಿಲ್ಲ. ಹೊಸ್ತಿಲು ಉಳಿಸಿದರೆ ಆಣೆ ಉಳಿಯುವುದಿಲ್ಲ. ಎರಡು ದಿನ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಮಿಸ್ತ್ರಿಯ ಮುಂದೆ ಸರೇಸಿನ ಬೋಗುಣಿ ಇಟ್ಟೆ. ಅದೇ ಹಾಲಿನ ಬೋಗುಣಿ.

"ಅಮ್ಮಾ ಕೇಳಿದ್ರ ನಾ ಸುಳ್ಳು ಹೇಳಾಂವಲ್ಲ" ಎಂದರು ಮಿಸ್ತ್ರಿ.

"ಕೇಳದಂಗ ಇರ್ರಿ, ಚಾಚಾ."

"ಅದು ನನ್ನ ಕೈಯಾಗ ಹ್ಯಾಂಗ ಅದ?" ಎಂದರು. ಆದರೂ ಅಂದಿನಿಂದ ಅತ್ತೆ ಹಿತ್ತಲಿಗೆ ಬಂದರೆ ಮಿಸ್ತ್ರಿ ಬಾಯಿಯಲ್ಲಿ ನಾಲ್ಕು ಮೊಳೆ ಇಟ್ಟುಕೊಂಡು ಕೂರುತ್ತಿದ್ದರು. ಬಾಯಲ್ಲಿ ಮೊಳೆಯಿರುವ ಬಡಗಿಯನ್ನು ಯಾರೂ ಮಾತಾಡಿಸುವುದಿಲ್ಲ.

ಒಂದು ತೊಡಕು ನನಗೆ ಮೊದಲು ಹೊಳೆದಿರಲಿಲ್ಲ. ಸರೇಸು ಮುಟ್ಟಿದ ಮೇಲೆ ಜಳಕ ಮಾಡಿದರೆ ಸಿಕ್ಕಿಬೀಳುತ್ತೇನೆ. ಆದ್ದರಿಂದ ಕೈ ತೊಳೆದುಕೊಂಡು ನೇರ ಅಡುಗೆಮನೆಗೆ ಬಂದು ರೊಟ್ಟಿ ಬಡಿದೆ. ಅತ್ತೆ ಎರಡು ರೊಟ್ಟಿ ತಿಂದು, ಇವತ್ತು ಮೆತ್ತಗಾಗಿವೆ ಎಂದರು. ನಾನು ಇನ್ನೊಂದನ್ನು ಹಂಚಿಗೆ ಹಾಕಿದೆ.

ಗಿಟಾರು ಮುಗಿಯಿತು. ನಡುಮನೆಯಲ್ಲಿ ಅತ್ತೆಯ ಕೈಗೆ ಕೊಟ್ಟೆ. ಕಂಕುಳಲ್ಲಿ ಕೂಸನ್ನು ಹಿಡಿದಂತೆ ಹಿಡಿದು, ಬೆನ್ನಿನ ಹಳದಿ ಪಟ್ಟೆಯ ಮೇಲೆ ಹೆಬ್ಬೆರಳಾಡಿಸಿದರು. ನುಡಿಸಿ ತೋರಿಸಲೇ ಎಂದೆ. "ತೊಡಿ ಮ್ಯಾಲೆ ಇಟ್ಕೊಂಡೇನು? ಹೊಸ್ತಿಲ ಬೇ ಅದು!" ಎಂದರು. ನಿಂತೇ ನುಡಿಸಿದೆ. ಸಿಸ್ಟರ್ ಆಗ್ನೆಸ್ ಕಲಿಸಿದ ಪ್ರಾರ್ಥನೆಯ ಹಾಡು, ನನಗೆ ಪೂರ್ತಿ ಬರುವುದು ಅದೊಂದೇ. ಲಿಂಗವಂತರ ಹೊಸ್ತಿಲು ಏಸುವಿನ ಹಾಡನ್ನು ಬಹಳ ಚೆನ್ನಾಗಿ ಹಾಡಿತು. ಅತ್ತೆ ಕಣ್ಣೊರೆಸಿಕೊಂಡು, "ಇದು ಯಾವ ದೇವ್ರ ಹಾಡು?" ಎಂದರು. "ಎಲ್ಲಾ ದೇವರದೂರಿ" ಎಂದೆ. ಅದು ಎರಡನೆಯ ಸುಳ್ಳು, ಸಣ್ಣದು.

ಮರುದಿನ ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದೆ. ಬರುವಷ್ಟರಲ್ಲಿ ಗೋಡೆಯ ಮೇಲೆ ಗಿಟಾರಿಲ್ಲ. ಅಂಗಳದಲ್ಲಿತ್ತು. ತೊಳೆದು, ಅರಿಶಿನ ಬಳಿದು, ಮೂರು ಕಡೆ ಕುಂಕುಮವಿಟ್ಟು, ಬ್ರಿಜ್ಜಿನ ಮೇಲೆ ಒಂದು ದಾಸವಾಳ ಏರಿಸಿ, ಒಣಗಲೆಂದು ಬಿಸಿಲಿಗೆ ನಿಲ್ಲಿಸಿದ್ದರು. ಪಕ್ಕದಲ್ಲಿ ಖಾಲಿ ತಂಬಿಗೆ.

ಹೊಸ್ತಿಲು ಎಂದ ಮೇಲೆ ತೊಳೆಯಲೇಬೇಕಲ್ಲ. ಇದೊಂದು ನನಗೆ ಹೇಗೆ ಹೊಳೆಯಲಿಲ್ಲವೋ! ಜಗತ್ತಿನ ಯಾವ ಗಿಟಾರು ಮಾಡುವವರಿಗೂ ಹೊಳೆಯುವ ಕಾರಣವಿಲ್ಲ, ಆದರೆ ನಾನು ಆ ಮನೆಯ ಸೊಸೆ.

"ನೀರು ಹಾಕಿದ್ರೇನ್ರಿ?"

"ಮತ್ತ? ಜಳಕದ್ದು ಬಿಸಿನೀರು ಉಳದಿತ್ತು, ತಣ್ಣೀರು ಯಾಕ ಹಾಕ್ಲಿ ಅಂತ ಅದನ್ನ ಹಾಕ್ದೆ."

ಸರೇಸಿಗೆ ಬಿಸಿನೀರೇ ಶತ್ರು. ಮಧ್ಯಾಹ್ನದ ಹೊತ್ತಿಗೆ ಬೆನ್ನಿನ ಹಲಗೆ ಒಂದು ಬದಿ ಪೂರ್ತಿ ಬಾಯಿಬಿಟ್ಟಿತು. ಮುಂಭಾಗ ಉಬ್ಬಿತು. ಅಂಚಿನಿಂದ ಕಂದು ಬಣ್ಣದ ಲೋಳೆ ಇಳಿದು ಕುಂಕುಮದೊಂದಿಗೆ ಬೆರೆಯಿತು. ಜೊತೆಗೇ ಆ ವಾಸನೆ. ಅತ್ತೆ ಮೂಗು ಅರಳಿಸಿದರು. ಆ ಮೂಗು ಮರೆಯುವ ಜಾತಿಯದಲ್ಲ. ಅವರು ಹಿತ್ತಲಿನತ್ತ ತಿರುಗಿದರು. ಮಿಸ್ತ್ರಿ ಮೊಳೆಗಳಿಗಾಗಿ ಜೇಬು ತಡಕಾಡುತ್ತಿದ್ದರು, ಸಿಗಲಿಲ್ಲ.

"ಮಿಸ್ತ್ರಿ, ಇದೇನು?"

"ಸರೇಸು, ಅಮ್ಮಾ."

ಅತ್ತೆ ನನ್ನ ಕಡೆ ನೋಡಿದರು. ಆಣೆಯ ಮಾತೆತ್ತುತ್ತಾರೆ ಎಂದುಕೊಂಡು ತಲೆ ತಗ್ಗಿಸಿ ನಿಂತೆ. ಅವರ ತಲೆಯಲ್ಲಿ ಓಡುತ್ತಿದ್ದ ಲೆಕ್ಕವೇ ಬೇರೆ.

"ಅಂದ್ರ ಆ ವಾರ ಎಲ್ಲಾ ನೀ ಜಳಕ ಮಾಡ್ಲಿಲ್ಲ."

"...ಇಲ್ರಿ."

"ಅವೇ ಕೈಲೆ ರೊಟ್ಟಿ ಬಡದಿ."

"ಹೌದ್ರಿ."

"ನಾ ತಿಂದ್ನಿ. ಮೆತ್ತಗ ಆಗ್ಯಾವ ಅಂತ ಹೊಗಳಿ ತಿಂದ್ನಿ!"

ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನ ನನ್ನ ಕೈಯ ನೀರನ್ನೂ ಕುಡಿಯಲಿಲ್ಲ. ಬಾಯಿಬಿಟ್ಟ ಗಿಟಾರು ಅಡ್ಡೆಯಲ್ಲಿ ಒಂದು ಗೋಣಿಯ ಮೇಲೆ ಮಲಗಿತ್ತು. ಅದರ ಹತ್ತಿರ ಹೋಗಲೂ ನನಗೆ ಧೈರ್ಯವಿರಲಿಲ್ಲ. ಅತನೂರಿನ ಆ ಮನೆಯಿಂದ ಉಳಿದದ್ದೆಂದರೆ ಅದೊಂದೇ, ಅದನ್ನೂ ಬಿಚ್ಚಿಹಾಕಿದೆನಲ್ಲ ಎಂದು ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಮೂರನೆಯ ದಿನ ಮಿಸ್ತ್ರಿ ಕರೆದರು. "ಬಾಯಿ, ಅಳೂದು ಆಮ್ಯಾಲ. ಇಲ್ಲಿ ನೋಡ್ರಿ."

ಬೆನ್ನಿನ ಹಲಗೆ ಪೂರ್ತಿ ಬೇರೆಯಾಗಿತ್ತು, ಆದರೆ ಎಲ್ಲಿಯೂ ಒಂದು ಚೂರೂ ಕಿತ್ತಿರಲಿಲ್ಲ. ಕಟ್ಟಿಗೆಯ ಒಂದು ಎಳೆಯೂ ಹರಿದಿರಲಿಲ್ಲ. ಅಂಚುಗಳು ನಾನು ರಂದಾ ಹೊಡೆದ ದಿನದಷ್ಟೇ ನುಣುಪಾಗಿದ್ದವು. ಬಿಳಿ ಅಂಟಾಗಿದ್ದರೆ ಬಿಡಿಸುವಾಗ ಕಟ್ಟಿಗೆಯನ್ನೂ ಹರಿದುಕೊಂಡೇ ಬರುತ್ತಿತ್ತು. ಹಲಗೆಯನ್ನು ಹಿಡಿದುಕೊಂಡು ಹೋಗಿ ಅತ್ತೆಯ ಬಾಗಿಲು ತಟ್ಟಿದೆ. ಎಲ್ಲವನ್ನೂ ಹೇಳಿದೆ. ಬಿಳಿ ಅಂಟಿನ ಪರೀಕ್ಷೆ, ತೂಗಿದ ಕಲ್ಲು, ಎರಡು ದಿನದ ಒದ್ದಾಟ, ಆಮೇಲಿನ ಸುಳ್ಳು. "ಈ ಸಲ ನೀವ ಹೇಳ್ರಿ, ಯಾವುದು ಹಚ್ಚಲಿ. ಬಿಳಿದು ಅಂದ್ರ ಬಿಳಿದು. ಅದು ಜಾರಬಹುದು, ಬಿಚ್ಚಿದ್ರ ಹರಿಯಬಹುದು. ಆದ್ರ ನಿಮಗ ಸುಳ್ಳು ಹೇಳೂದಿಲ್ಲ."

ಅತ್ತೆ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಹೊಸ್ತಿಲೆಂಬುದನ್ನು ಮರೆತಿದ್ದರೇನೋ.

"ಆ ತೊಗಲಿಂದು ಬಿಚ್ಚಿದ್ರ ಮತ್ತ ಕೂಡ್ತದೇನು?"

"ಕೂಡ್ತದರಿ. ಎಷ್ಟು ಸಲಾ ಬಿಚ್ಚಿದ್ರೂ ಕೂಡ್ತದ."

"ಗುರ್ತು ಉಳೀದಂಗ?"

"ಉಳೀದಂಗ."

ಹಲಗೆಯ ಅಂಚಿಗೆ ಬೆರಳೊತ್ತಿ ನೋಡಿದರು. "ನಮ್ಮ ಅಣ್ಣತಮ್ಮಂದಿರಿಗೆ ಹಚ್ಚಬೇಕಿತ್ತು ಇದನ್ನ" ಎಂದರು. ಎದ್ದರು. ಸೆರಗಿನಿಂದ ಮೂಗು ಕಟ್ಟಿಕೊಂಡರು, ಲಿಂಗವನ್ನು ಒಳಗೆ ಸೇರಿಸಿಕೊಂಡರು, ಮತ್ತು ಅಷ್ಟು ವರ್ಷದಲ್ಲಿ ಮೊದಲ ಸಲ ಆ ತಗಡಿನ ಶೆಡ್ಡಿಗೆ ಕಾಲಿಟ್ಟರು.

"ಏನ್ ಹಿಡೀಬೇಕು ಹೇಳು. ತಡಾ ಮಾಡಬ್ಯಾಡ, ಉಸಿರು ಬಿಗಿ ಹಿಡದೀನಿ."

ಸರೇಸು ಆರುವ ಮೊದಲು ಕೂಡಿಸಬೇಕು, ಮೂರು ಜೋಡಿ ಕೈ ಬೇಕಾಗುತ್ತದೆ. ಮಿಸ್ತ್ರಿ ಒಂದು ಕಡೆ, ನಾನು ಒಂದು ಕಡೆ, ಅತ್ತೆ ನಡುವೆ. ತಮ್ಮ ತವರಿನ ಹೊಸ್ತಿಲನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು, ಕಣ್ಣು ಮುಚ್ಚಿ, ನಾನು ಸಾಕು ಎನ್ನುವವರೆಗೂ ಕದಲಲಿಲ್ಲ. ಆಮೇಲೆ ಅತ್ತೆ ಸೊಸೆ ಇಬ್ಬರೂ ಸರದಿಯಲ್ಲಿ ತಲೆಗೆ ಜಳಕ ಮಾಡಿದೆವು. ಯಾರು ಮೊದಲು ಎಂಬುದಕ್ಕೆ ಜಗಳವಾಯಿತು.

ಮರುದಿನ, ಅಂಟು ಕೂರಲೆಂದು ಬಿಗಿದಿದ್ದ ಹಿಡಿಕೆಗಳನ್ನು ಬಿಚ್ಚಿದೆ. ಅತ್ತೆ, ಮಿಸ್ತ್ರಿಯನ್ನು ಇಷ್ಟು ವರ್ಷ ನೋಡಿದ್ದವರು, ಬೆರಳು ಮಡಚಿ ಗಿಟಾರಿನ ಬೆನ್ನಿಗೆ ಎರಡು ಸಲ ತಟ್ಟಿದರು. ಬಾಗಿಲು ತಟ್ಟಿದ ಹಾಗೆ. ಕಿವಿಯಿಟ್ಟು ಕೇಳಿದರು. "ಒಳಗ ಅದಾರ, ಅದಾರ" ಎಂದರು.

ಖಾಜಾ ಮಿಸ್ತ್ರಿ ಈಗಿಲ್ಲ. ಅವರ ರಂದಾ ನನ್ನ ಹತ್ತಿರ ಇದೆ, ಉಪಯೋಗಿಸುವ ಹೆಬ್ಬೆರಳು ಇಲ್ಲ. ಹೊಸ್ತಿಲ ಗಿಟಾರು ನಡುಮನೆಯ ಗೋಡೆಯ ಮೇಲಿದೆ. ಅತ್ತೆ ಪ್ರತಿದಿನ ಬೆಳಿಗ್ಗೆ ಅದಕ್ಕೆ ಕುಂಕುಮ ಇಡುತ್ತಾರೆ, ಒಣ ಬೆರಳಿನಲ್ಲಿ, ಒಂದೇ ಬೊಟ್ಟು. ನೀರಿನ ತಂಬಿಗೆ ಅದರ ಹತ್ತಿರ ಹೋಗದಂತೆ ಕಾವಲು ಕಾಯುವವರೂ ಅವರೇ. ಕಳೆದ ಬೇಸಗೆಯಲ್ಲಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ನಾನು ನೋಡುವ ಮೊದಲೇ ಅವರು ನೋಡಿ, "ಸುನಂದಾ, ಎಮ್ಮಿ ತೊಗಲ ಕಾಸು" ಎಂದು ಅಡುಗೆಮನೆಯಿಂದಲೇ ಕೂಗಿದರು.

ನೀವು ಫೋನಿನಲ್ಲಿ ಮತ್ತೆ ಮತ್ತೆ ಕೇಳುವುದು, ಆ ಗಿಟಾರಿಗೆ ಯಾವ ಪಾಲಿಶ್ ಹಾಕಿದ್ದೀರಿ, ಅಷ್ಟು ಹೊಳಪು ಹೇಗೆ ಬಂತು ಎಂದು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ನಾನು ಬರೆದದ್ದನ್ನೆಲ್ಲ ಓದುತ್ತಾರೆ. ಅವರು ಲಿಂಗಪೂಜೆಗೆ ಕೂತಾಗ ಫೋನ್ ಮಾಡಿ, ಮೆಲ್ಲಗೆ ಹೇಳುತ್ತೇನೆ.